ಯೂಟಾ ಪ್ರವಾಸ: ನಡಿಗೆಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಸೆಪ್ಟೆಂಬರ್ 24ರ ಗುರುವಾರ ಬೆಳಗಿನ ಜಾವ 5ಕ್ಕೆ ಲಾಸ್ ವೇಗಸ್‌ನಿಂದ ಮೂರು ಕಾರುಗಳಲ್ಲಿ ಹೊರಡುತ್ತೇವೆ. ಇಷ್ಟು ಬೇಗ ಏಕೆಂದು ಗೊಣಗಬೇಡಿ: ಯೂಟಾ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ವಾಹನ ನಿಲುಗಡೆ ಬೇಗ ತುಂಬುತ್ತದೆ. ಅಲ್ಲಿನ ಕಣಿವೆಯೊಳಗೆ ಆ ತಿಂಗಳಲ್ಲಿ ಖಾಸಗಿ ಕಾರು ಬಿಡುವುದಿಲ್ಲ, ಉದ್ಯಾನದ ಉಚಿತ ಬಸ್ಸೇ ಗತಿ.

ಹೋದ ವರ್ಷ ಮೂರು ದಿನದಲ್ಲಿ ಐದು ಉದ್ಯಾನ ಸುತ್ತಿ, ಪಾರ್ಕಿಂಗ್ ಜಾಗಗಳ ಫೋಟೊ ಮಾತ್ರ ಹೊತ್ತು ಬಂದೆವು. ಈ ಸಲ ದಿನಕ್ಕೊಂದೇ ಉದ್ಯಾನ, ಒಂದೇ ನಡಿಗೆ.

ಗುರುವಾರ ಜಯಾನ್‌ನ ರಿವರ್‌ಸೈಡ್ ವಾಕ್, ಹೋಗಿಬರಲು ಸುಮಾರು 3.5 ಕಿ.ಮೀ.; ಅಜ್ಜ ಅಜ್ಜಿಯರೂ ಬರಬಹುದು.

ಶುಕ್ರವಾರ ಬ್ರೈಸ್ ಕ್ಯಾನ್ಯನ್, ಕ್ವೀನ್ಸ್ ಗಾರ್ಡನ್–ನವಾಹೊ ಸುತ್ತು, 4.6 ಕಿ.ಮೀ. ಕಣಿವೆಯ ಅಂಚು 8,000 ಅಡಿ ಮೇಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಮೊದಲು ಇಳಿಯುವುದು, ಆಮೇಲೆ ಹತ್ತುವುದು. ಇಳಿಯುವಾಗಿನ ಉತ್ಸಾಹವನ್ನು ನಂಬಬೇಡಿ. ಮಂಡಿನೋವಿನವರು ಅಂಚಿನಲ್ಲೇ ಕುಳಿತು ನೋಡಲಿ, ನೋಟಕ್ಕೇನೂ ಕೊರತೆಯಿಲ್ಲ.

ಶನಿವಾರ 12ನೇ ಹೆದ್ದಾರಿಯಲ್ಲಿ ನಿಧಾನವಾಗಿ ಕ್ಯಾಪಿಟಲ್ ರೀಫ್‌ಗೆ. ಹಿಕ್‌ಮನ್ ಬ್ರಿಜ್ ಎಂಬ ಸಹಜ ಕಲ್ಲುಕಮಾನಿಗೆ ಹೋಗಿಬರಲು ಸುಮಾರು 3 ಕಿ.ಮೀ. ಉದ್ಯಾನದೊಳಗಿನ ಫ್ರೂಟಾದ ಹಳೆಯ ತೋಟಗಳಲ್ಲಿ ಸೇಬು ಕೊಯ್ಲಿಗೆ ತೆರೆದಿದ್ದರೆ ಅಲ್ಲೇ ಕಿತ್ತು ತಿನ್ನಬಹುದು. ಮನೆಗೆ ಒಯ್ಯುವುದಕ್ಕೆ ಮಾತ್ರ ಹಣ. ಭಾನುವಾರ ಹಿಂತಿರುಗುವುದು.

ತಲಾ 3 ಲೀಟರ್ ನೀರು, ಹಿಡಿತವಿರುವ ಶೂ, ಬೆಳಗಿನ ಚಳಿಗೆ ಸ್ವೆಟರ್ ಕಡ್ಡಾಯ. ಕಾರಿಗೊಂದು ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಸಾಕು. ಈಗಾಗಲೇ ಇರುವವರು ತಿಳಿಸಿ. ಪುಳಿಯೋಗರೆ ನಮ್ಮ ಮನೆಯದು, ಚಪಾತಿಗೆ ಯಾರಾದರೂ ಮುಂದೆ ಬನ್ನಿ.

ಬರುವವರ ಸಂಖ್ಯೆ, ಯಾವ ದಿನ ನಡೆಯುತ್ತೀರಿ ಎಂಬುದನ್ನು ಬುಧವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಬರೀ ಹೆಬ್ಬೆರಳಿನ ಚಿತ್ರ ಹಾಕಿದರೆ ಲೆಕ್ಕಕ್ಕಿಲ್ಲ.