ವೆಬ್‌ಸೈಟಿನ ಗಡಿಯಾರ ತೆಗೆದಿದ್ದೇವೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರಿಯ ಗ್ರಾಹಕರೇ,

ನಮಸ್ಕಾರ. ಈ ತಿಂಗಳ 1ನೇ ತಾರೀಖಿನಿಂದ ನಮ್ಮ ವೆಬ್‌ಸೈಟ್ ತೆರೆದರೆ ನಿಮಗೆ ಸೀದಾ ಉಪ್ಪಿನಕಾಯಿ, ಹಪ್ಪಳ, ಜೋನಿಬೆಲ್ಲ ಕಾಣುತ್ತವೆ. ಫೋನ್ ನಂಬರ್ ಕೇಳುವ ಪೆಟ್ಟಿಗೆ ಅಡ್ಡ ಬರುವುದಿಲ್ಲ. ತಿರುಗಿಸಿ ಬಹುಮಾನ ಗೆಲ್ಲುವ ಚಕ್ರ ಇಲ್ಲ. ಕೆಂಪು ಅಂಕಿಯಲ್ಲಿ ಓಡುವ ಗಡಿಯಾರ ಇಲ್ಲ. ‘3 ಬಾಟಲಿ ಮಾತ್ರ ಉಳಿದಿವೆ’ ಅನ್ನುವ ಸಾಲೂ ಇಲ್ಲ.

ಇವನ್ನೆಲ್ಲ ಯಾಕೆ ತೆಗೆದೆವು, ಮೊದಲು ಯಾಕೆ ಹಾಕಿದ್ದೆವು ಎಂದು ನಿಮಗೆ ಬಿಡಿಸಿ ಹೇಳಬೇಕು. ನಿಮ್ಮಲ್ಲಿ ಕೆಲವರಿಗೆ ಹಣ ವಾಪಸ್ ಕೊಡುವುದೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮದು ಶಿರಸಿ ಕಡೆಯ ಸಣ್ಣ ಮಹಿಳಾ ಸಹಕಾರ ಸಂಘ ಅನ್ನುವುದು ನಿಮಗೆ ಗೊತ್ತೇ ಇದೆ. ಮೊದಲು ಪೇಟೆಯ ಅಂಗಡಿಗಳಿಗೆ ಮಾತ್ರ ಮಾಲು ಕೊಡುತ್ತಿದ್ದೆವು. ಆಮೇಲೆ ಬೆಂಗಳೂರು, ಪುಣೆ, ಮುಂಬೈಗೆ ಹೋಗಿ ನೆಲೆಸಿದ ನಮ್ಮ ಕಡೆಯವರು ಫೋನ್ ಮಾಡಿ ಕೇಳತೊಡಗಿದರು. ಅವರಿಗಾಗಿ ವೆಬ್‌ಸೈಟ್ ಮಾಡಿದೆವು. ಆಗ ಅದರಲ್ಲಿ ಇದ್ದದ್ದು ಪದಾರ್ಥದ ಚಿತ್ರ, ತೂಕ, ದರ, ಅಷ್ಟೇ. ವ್ಯಾಪಾರ ನಿಧಾನಕ್ಕೆ ನಡೆಯುತ್ತಿತ್ತು. ಸಾಲದ ಕಂತು ಮಾತ್ರ ನಿಧಾನ ಮಾಡುವುದಿಲ್ಲ ಅಲ್ವಾ? ಹಾಗಾಗಿ ಆನ್‌ಲೈನ್ ಮಾರಾಟ ಜಾಸ್ತಿ ಮಾಡಿಕೊಡುತ್ತೇವೆ ಎಂದ ಒಂದು ಏಜೆನ್ಸಿಗೆ ಕೆಲಸ ಒಪ್ಪಿಸಿದೆವು. ಅವರು ಹೇಳಿದ್ದಕ್ಕೆಲ್ಲ ಒಪ್ಪಿ ಸಹಿ ಹಾಕಿದವಳು ನಾನೇ. ತಪ್ಪು ಅವರದ್ದು ಎಂದು ಹೇಳಿ ಕೈ ತೊಳೆದುಕೊಳ್ಳುವುದಿಲ್ಲ.

ಗಡಿಯಾರದ ವಿಷಯ ಮೊದಲು ಹೇಳುತ್ತೇನೆ. ನಮಗೆ ಜಾಸ್ತಿ ಪೆಟ್ಟು ಬಿದ್ದದ್ದು ಅದರಿಂದ.

ಯಾವುದೇ ಪದಾರ್ಥ ತೆರೆದರೂ ಮೇಲೆ 10 ನಿಮಿಷದ ಗಡಿಯಾರ ಓಡುತ್ತಿತ್ತು. ‘ಸಮಯ ಮುಗಿದರೆ ರಿಯಾಯಿತಿ ಹೋಗುತ್ತದೆ’ ಎಂದು ಬರೆದಿತ್ತು. ಸಮಯ ಮುಗಿದ ಮೇಲೆ ಪೇಜನ್ನು ಮತ್ತೆ ತೆರೆದರೆ ಪುನಃ 10 ನಿಮಿಷ. ರಿಯಾಯಿತಿ ಎಲ್ಲಿಗೂ ಹೋಗುತ್ತಿರಲಿಲ್ಲ. ಅದರ ಕೆಳಗೆ ‘3 ಬಾಟಲಿ ಮಾತ್ರ ಉಳಿದಿವೆ’ ಎಂಬ ಸಾಲು. ನಮ್ಮ ದಾಸ್ತಾನು ಕೋಣೆಯ ಲೆಕ್ಕಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಗೋಡೆ ತುಂಬ ಬಾಟಲಿ ಇದ್ದಾಗಲೂ ಮೂರು. ಒಂದೂ ಇಲ್ಲದಾಗಲೂ ಮೂರು.

ಈಗ ಅಪ್ಪೆಮಿಡಿ ವಿಷಯಕ್ಕೆ ಬರುತ್ತೇನೆ. ಅಪ್ಪೆಮಿಡಿ ಬೇಕೆಂದಾಗ ತಯಾರಿಸುವ ಮಾಲಲ್ಲ. ಹೊಳೆ ಬದಿಯ ಹಳೇ ಮಾವಿನ ಮರಗಳಲ್ಲಿ ಬರುವ ಎಳೆಯ ಕಾಯಿ ಅದು. ಒಂದು ವರ್ಷ ಕಾಯಿ ಬಿಟ್ಟ ಮರ ಮರುವರ್ಷವೂ ಕಾಯಿ ಬಿಟ್ಟೇ ಬಿಡುತ್ತದೆ ಅನ್ನುವ ಖಾತ್ರಿ ಇಲ್ಲ. ಮಿಡಿ ಎಳೆಯದಾಗಿರುವಾಗಲೇ ಕೊಯ್ಯಬೇಕು. ಗೊರಟು ಗಟ್ಟಿಯಾದರೆ ಕೆಲಸಕ್ಕೆ ಬರುವುದಿಲ್ಲ. ಮರ ಹತ್ತಿದವರು ತೊಟ್ಟು ಸಮೇತ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಒಂದು ಒಳಗೆ ಸೇರಿದರೂ ಭರಣಿಯೇ ಕೆಡಬಹುದು. ಆಮೇಲೆ ಉಪ್ಪಿನಲ್ಲಿ ವಾರಗಟ್ಟಲೆ ಇಟ್ಟು, ಮಿಡಿ ಮುರುಟಿದ ಮೇಲೆ ಸಾಸಿವೆ, ಮೆಣಸು ಅರೆದು ಹಾಕುವುದು. ಅಂದರೆ ಒಂದು ವರ್ಷಕ್ಕೆ ನಮ್ಮಲ್ಲಿ ಎಷ್ಟು ಬಾಟಲಿ ಎಂಬುದು ಬೇಸಿಗೆಯಲ್ಲೇ ತೀರ್ಮಾನ ಆಗಿಬಿಡುತ್ತದೆ. ಆಮೇಲೆ ಯಾರು ಎಷ್ಟೇ ದುಡ್ಡು ಕೊಟ್ಟರೂ ಒಂದು ಬಾಟಲಿ ಹೆಚ್ಚಾಗುವುದಿಲ್ಲ.

ಹೋದ ವರ್ಷ ಹೂವಿನ ಹೊತ್ತಿಗೆ ಮೋಡ ಕವಿಯಿತು. ಹೂವು ಕರಟಿ ಉದುರಿತು. ಮಿಡಿ ಬಹಳ ಕಡಿಮೆ ಸಿಕ್ಕಿತು. ಪ್ರತಿ ವರ್ಷ ತಪ್ಪದೆ ತರಿಸುವವರಿಗೆ ಮೊದಲೇ ತಿಳಿಸೋಣ ಎಂದು ‘ಈ ಸಲ ಅಪ್ಪೆಮಿಡಿ ಕಡಿಮೆ ಇದೆ, ಬೇಕಾದವರು ಬೇಗ ಹೇಳಿ’ ಎಂದು ವೆಬ್‌ಸೈಟಿನಲ್ಲಿ ಹಾಕಿದೆವು. ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಬಾಟಲಿಗಳೆಲ್ಲ ಖಾಲಿಯಾದ ಮೇಲೆ ಹಳೆಯ ಗ್ರಾಹಕರೊಬ್ಬರು ಫೋನ್ ಮಾಡಿದರು. ಮಗಳ ಬಾಣಂತನಕ್ಕೆ ಹೊರದೇಶಕ್ಕೆ ಹೊರಟಿದ್ದರು, ಜೊತೆಗೆ ಒಯ್ಯಲು ಬೇಕಿತ್ತು. ಮುಗಿಯಿತು ಎಂದೆ. “ವೆಬ್‌ಸೈಟಲ್ಲಿ ಹಾಕಿದ್ದೆವಲ್ಲ, ನೋಡಲಿಲ್ಲವಾ?” ಎಂದು ಕೇಳಿದೆ.

“ನೋಡಿದೆ ಕಣಮ್ಮಾ. ಆದರೆ ನಿಮ್ಮಲ್ಲಿ ಯಾವಾಗ್ಲೂ ಮೂರೇ ಅಲ್ವಾ ಉಳಿದಿರೋದು?” ಎಂದರು.

ಅವರು ಕೊಂಕಾಗಿ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿಜವಾಗಿ ಕಡಿಮೆ ಇದ್ದ ಒಂದು ವರ್ಷ ನಮ್ಮ ಮಾತನ್ನು ಯಾರೂ ನಂಬಲಿಲ್ಲ. ಆ ನಂಬಿಕೆಯನ್ನು ನಾವೇ ದಿನಾ ಸ್ವಲ್ಪ ಸ್ವಲ್ಪ ಖರ್ಚು ಮಾಡಿ ಮುಗಿಸಿದ್ದೆವು.

ಅದಾದ ಮೇಲೆ ಕೂತು ನಮ್ಮದೇ ವೆಬ್‌ಸೈಟನ್ನು ಗ್ರಾಹಕರು ನೋಡುವ ಹಾಗೆ ನೋಡಿದೆ. ಆಫೀಸಿನ ಕಂಪ್ಯೂಟರಿನಲ್ಲಿ ಅಲ್ಲ, ಸಾಧಾರಣ ಫೋನಿನಲ್ಲಿ, ನಮ್ಮ ಹಳ್ಳಿಯ ನೆಟ್‌ವರ್ಕಿನಲ್ಲಿ. ಮೊದಲು ಬಿಳಿ ಪರದೆ. ಉಪ್ಪಿನಕಾಯಿಯ ಚಿತ್ರ ಅರ್ಧ ಬರುವಷ್ಟರಲ್ಲಿ ಚಕ್ರ ಎದ್ದಿತು: ‘ತಿರುಗಿಸಿ, ಗೆಲ್ಲಿ, ನಂಬರ್ ಕೊಡಿ’. ಅದನ್ನು ಮುಚ್ಚುವ ಇಂಟು ಗುರುತು ತಿಳಿ ಬೂದು ಬಣ್ಣದಲ್ಲಿ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು. ಬೆರಳು ಇಟ್ಟರೆ ಪಕ್ಕದ್ದು ಒತ್ತಿಹೋಗುತ್ತಿತ್ತು. ಅದನ್ನು ಹೇಗೋ ಮುಚ್ಚಿದರೆ ‘ನೋಟಿಫಿಕೇಶನ್ ಕಳಿಸಲೇ?’ ಎಂಬ ಪ್ರಶ್ನೆ. ಬೇಡ ಅಂದರೆ ಕೆಳಗಿನಿಂದ ಚಾಟ್ ಪೆಟ್ಟಿಗೆ. ದರ ಕಣ್ಣಿಗೆ ಬೀಳುವ ಹೊತ್ತಿಗೆ ನನಗೇ ಸಾಕಾಗಿ ಹೋಗಿತ್ತು. ಬಂದವರಿಗೆ ಮೊದಲು ಆಸರಿಗೆ (ಕುಡಿಯಲು) ಏನು ಬೇಕು ಎಂದು ಕೇಳುವ ಊರಿನವರು ನಾವು. ಬಾಗಿಲಲ್ಲೇ ನಿಲ್ಲಿಸಿ ನಂಬರ್ ಕೇಳುವುದನ್ನು ಯಾವಾಗ ಕಲಿತೆವೋ!

ಬಂದವರು ಎಲ್ಲಿಂದ ವಾಪಸ್ ಹೋಗುತ್ತಿದ್ದಾರೆ ಎಂಬ ಲೆಕ್ಕ ವೆಬ್‌ಸೈಟಿನ ಹಿಂದುಗಡೆ ಸಿಗುತ್ತದೆ. ನಾವು ಅಲ್ಲಿಯವರೆಗೆ ಅದನ್ನು ತೆರೆದೇ ಇರಲಿಲ್ಲ. ಎಷ್ಟು ನಂಬರ್ ಸಿಕ್ಕಿತು ಎಂದಷ್ಟೇ ನೋಡುತ್ತಿದ್ದೆವು. ತೆರೆದಾಗ ಕಂಡದ್ದು ಇಷ್ಟೇ: ಹೆಚ್ಚಿನವರು ಚಕ್ರ ಎದ್ದ ಕೂಡಲೇ ಹೊರಟುಹೋಗಿದ್ದರು. ಉಪ್ಪಿನಕಾಯಿ ಬೇಡ ಎಂದು ಹೋದವರಲ್ಲ ಅವರು. ಉಪ್ಪಿನಕಾಯಿಯನ್ನು ನೋಡಲೇ ಇಲ್ಲ.

ನಾವು ಕಂಡುಕೊಂಡದ್ದು ಹೊಸತೇನೂ ಅಲ್ಲ ಎಂದು ಆಮೇಲೆ ಓದಿ ತಿಳಿಯಿತು. ಪರದೆ ಮುಚ್ಚುವ ಇಂಥ ಪೆಟ್ಟಿಗೆ ಎಬ್ಬಿಸುವ ಮೊಬೈಲ್ ಪೇಜುಗಳನ್ನು ಹುಡುಕಾಟದಲ್ಲಿ ಕೆಳಗೆ ತಳ್ಳಬಹುದು ಎಂದು ಗೂಗಲ್ 2017ರ ಜನವರಿಯಲ್ಲೇ ನಿಯಮ ಜಾರಿಗೆ ತಂದಿತ್ತು. 1990ರ ದಶಕದಲ್ಲಿ ಅಮೆರಿಕದ ಟ್ರೈಪಾಡ್ ಎಂಬ ಕಂಪನಿಯಲ್ಲಿದ್ದ ಈಥನ್ ಝಕರ್‌ಮನ್ ಹೀಗೆ ತಾನಾಗಿ ಎದ್ದು ಬರುವ ಪಾಪ್-ಅಪ್ ಜಾಹೀರಾತಿನ ಕೋಡ್ ಬರೆದವರು. ಅವರೇ 2014ರಲ್ಲಿ ಲೇಖನ ಬರೆದು ಅದಕ್ಕೆ ಕ್ಷಮೆ ಕೇಳಿದ್ದಾರೆ. ಬರೆದವರೇ ಕ್ಷಮೆ ಕೇಳಿದ ಮೇಲೂ ನಾವು ಅದನ್ನು ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದೆವು.

ಸಂಘದ ಸಭೆಯಲ್ಲಿ ವೆಬ್‌ಸೈಟನ್ನು ಎಲ್ಲರಿಗೂ ತೋರಿಸಿದೆ. ಆ ಚಕ್ರದ ಕೆಳಗೆ ‘ಬೇಡ’ ಅನ್ನಲು ಒಂದು ಸಾಲು ಇತ್ತು. ಅದನ್ನು ಗಟ್ಟಿಯಾಗಿ ಓದಿದೆ: ‘ಬೇಡ, ನನಗೆ ಮನೆಯ ರುಚಿ ಇಷ್ಟವಿಲ್ಲ.’ ಹಪ್ಪಳ ಒತ್ತುವ ಹಿರಿಯ ಸದಸ್ಯೆಯೊಬ್ಬರು ಕೂಡಲೇ ಕೇಳಿದರು, “ಬೇಡ ಅಂದವರ ಬಾಯಲ್ಲಿ ಹೀಗೆ ಹೇಳಿಸೋದಾ? ಅವರ ಮನೇಲಿ ಉಪ್ಪಿನಕಾಯಿ ಇರಬಹುದಲ್ಲ!” ಎರಡು ವರ್ಷ ಆ ಸಾಲು ನಮ್ಮ ಹೆಸರಿನಲ್ಲಿ ಅಲ್ಲಿತ್ತು. ಅದನ್ನು ಓದಿ ಬೇಸರ ಪಟ್ಟುಕೊಂಡವರಿದ್ದರೆ, ದಯವಿಟ್ಟು ನಮ್ಮನ್ನು ಕ್ಷಮಿಸಿ.

ಇನ್ನು ಹಣದ ವಿಷಯ. ಆರ್ಡರ್ ಮುಗಿಸುವ ಪುಟದಲ್ಲಿ ‘ಗಿಫ್ಟ್ ಪ್ಯಾಕಿಂಗ್ 49 ರೂ.’ ಎಂಬ ಚೌಕಕ್ಕೆ ಮೊದಲೇ ಟಿಕ್ ಬಿದ್ದಿರುತ್ತಿತ್ತು. ಬೇಡದವರು ಹುಡುಕಿ ತೆಗೆಯಬೇಕಿತ್ತು. ತಮ್ಮ ಮನೆಗೇ ತರಿಸಿಕೊಂಡವರೂ ಎಷ್ಟೋ ಜನ ಆ 49 ರೂ. ಕೊಟ್ಟಿದ್ದೀರಿ. ಹೀಗೆ ಮೊದಲೇ ಟಿಕ್ ಹಾಕಿ ಒಪ್ಪಿಗೆ ಪಡೆಯಬಾರದು ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. ನಮಗೆ ಗೊತ್ತಿರಲಿಲ್ಲ, ಆದರೆ ಗೊತ್ತು ಮಾಡಿಕೊಳ್ಳುವ ಕೆಲಸ ನಮ್ಮದೇ ಆಗಿತ್ತು. ನೀವು ಬೇಕೆಂದು ಟಿಕ್ ಹಾಕಿದ್ದೋ, ತಾನಾಗಿ ಬಿದ್ದದ್ದೋ ಎಂದು ಈಗ ನಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಯಾರನ್ನೂ ಪ್ರಶ್ನೆ ಮಾಡದೆ, ಆ ಹಣ ಕೊಟ್ಟ ಎಲ್ಲರಿಗೂ ವಾಪಸ್ ಕೊಡುತ್ತೇವೆ. ನೀವು ಯಾವ ದಾರಿಯಲ್ಲಿ ಹಣ ಕೊಟ್ಟಿದ್ದೀರೋ ಅದೇ ದಾರಿಯಲ್ಲಿ ಬರುತ್ತದೆ. ಅರ್ಜಿ ಬೇಡ. ಒಂದು ಎಚ್ಚರ: ಹಣ ವಾಪಸ್ ಕೊಡುತ್ತೇವೆ ಎಂದು ಯಾರಾದರೂ ಲಿಂಕ್ ಕಳಿಸಿದರೆ, ಓಟಿಪಿ ಕೇಳಿದರೆ, ಅವರು ನಾವಲ್ಲ. ನಾವು ಏನನ್ನೂ ಕೇಳುವುದಿಲ್ಲ.

ಗ್ರಾಹಕರನ್ನು ದಾರಿ ತಪ್ಪಿಸುವ ಇಂಥ ಜಾಲಗಳಿಗೆ ಡಾರ್ಕ್ ಪ್ಯಾಟರ್ನ್ ಎನ್ನುತ್ತಾರೆ. ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ ಎಂಬ ವಿನ್ಯಾಸಗಾರ 2010ರಲ್ಲಿ ಇಟ್ಟ ಹೆಸರು. ನಮ್ಮಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇವುಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 13 ಬಗೆ ಹೇಳಿದ್ದಾರೆ. ಪಟ್ಟಿ ಹಿಡಿದುಕೊಂಡು ನಮ್ಮ ವೆಬ್‌ಸೈಟ್ ಪರೀಕ್ಷೆ ಮಾಡಿದಾಗ ಐದು ಸಿಕ್ಕಿದವು. ಸುಳ್ಳು ಅವಸರ, ಕಾರ್ಟಿಗೆ ಕದ್ದು ಸೇರಿಸುವುದು, ಬೇಡ ಅಂದವರಿಗೆ ನಾಚಿಕೆ ಮಾಡಿಸುವುದು, ಪದೇ ಪದೇ ಪೀಡಿಸುವುದು, ದರವನ್ನು ಕಂತಿನಲ್ಲಿ ಬಿಚ್ಚುವುದು. ಕೊನೆಯದು ನಮ್ಮ ಕೊರಿಯರ್ ದುಡ್ಡಿನದ್ದು. ವಿಳಾಸ, ಪಿನ್‌ಕೋಡ್ ಎಲ್ಲ ತುಂಬಿದ ಮೇಲೆ ಅದು ಕಾಣುತ್ತಿತ್ತು. ಈಗ ಪಿನ್‌ಕೋಡ್ ಒಂದನ್ನು ಹಾಕಿದರೆ ಸಾಕು, ಕಾರ್ಟಿನಲ್ಲೇ ಪೂರ್ತಿ ಮೊತ್ತ ಕಾಣುತ್ತದೆ. ಗಾಜಿನ ಬಾಟಲಿ ಭಾರ, ದೂರದ ಊರಿಗೆ ಕೊರಿಯರ್ ಜಾಸ್ತಿಯೇ ಆಗುತ್ತದೆ. ಅದನ್ನು ಉಪ್ಪಿನಕಾಯಿಯ ದರದಲ್ಲಿ ಸೇರಿಸಿ ‘ಉಚಿತ ಡೆಲಿವರಿ’ ಎಂದು ಬರೆಯುವುದಿಲ್ಲ. ಮೂರು ನಾಲ್ಕು ಮನೆಯವರು ಸೇರಿ ಒಟ್ಟಿಗೆ ತರಿಸಿದರೆ ಒಬ್ಬೊಬ್ಬರ ಮೇಲೆ ಬೀಳುವ ಖರ್ಚು ಕಡಿಮೆ ಆಗುತ್ತದೆ.

ವಾಟ್ಸ್ಯಾಪ್ ಸಂದೇಶಗಳೂ ನಿಂತಿವೆ. ಹಬ್ಬ ಬಂದರೆ ಒಂದು, ‘ನಿಮ್ಮ ಕಾರ್ಟ್ ಕಾಯುತ್ತಿದೆ’ ಎಂದು ಒಂದು, ‘ನಿಮ್ಮನ್ನು ನೋಡದೆ ಬಹಳ ದಿನ ಆಯಿತು’ ಎಂದು ಇನ್ನೊಂದು. ನಮ್ಮ ಹೆಸರಲ್ಲಿ ಯಂತ್ರ ಕಳಿಸುತ್ತಿದ್ದ ಸಂದೇಶಗಳು ಅವು. ಚಕ್ರ ತಿರುಗಿಸಲು ಕೊಟ್ಟ ನಂಬರುಗಳನ್ನೆಲ್ಲ ಅಳಿಸಿದ್ದೇವೆ. ಆರ್ಡರ್ ಮಾಡಿದವರ ನಂಬರ್ ಕೊರಿಯರಿಗೆ, ಬಿಲ್ಲಿಗೆ ಬೇಕಾಗುತ್ತದೆ, ಅಷ್ಟಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ಹೊಸ ಉಪ್ಪಿನಕಾಯಿ ಬಂದಾಗ ತಿಳಿಯಬೇಕು ಎನ್ನುವವರು ಪೇಜಿನ ಕೆಳಗೆ ನಂಬರ್ ಬರೆಯಬಹುದು. ಒಂದು ಹಂಗಾಮಿಗೆ ಒಂದೇ ಸಂದೇಶ ಬರುತ್ತದೆ. ಅದೂ ಬೇಡ ಅನಿಸಿದ ದಿನ ‘ಬೇಡ’ ಎಂದು ಉತ್ತರ ಬರೆದರೆ ಮುಗಿಯಿತು. ಯಾಕೆ ಎಂದು ಕೇಳುವುದಿಲ್ಲ.

ಸಭೆಯಲ್ಲಿ ಎಲ್ಲರೂ ಕೂಡಲೇ ಒಪ್ಪಲಿಲ್ಲ, ಅದನ್ನೂ ಹೇಳಬೇಕು. “ಬೇರೆಯವರೆಲ್ಲ ಹಾಕಿಕೊಂಡಿದ್ದಾರೆ, ನಾವು ಮಾತ್ರ ತೆಗೆದರೆ ವ್ಯಾಪಾರ ಬೀಳುವುದಿಲ್ಲವಾ?” ಎಂದು ಒಬ್ಬರು ಕೇಳಿದರು. ಅವರ ಮನೆಗೆ ಹಪ್ಪಳದ ದುಡ್ಡೇ ಆಧಾರ. ಅವರ ಹೆದರಿಕೆ ಸುಮ್ನೆ ಅಲ್ಲ. ಬೀಳಲೂಬಹುದು. ಅವಸರದಲ್ಲಿ ಕೊಳ್ಳುತ್ತಿದ್ದವರು ಈಗ ಯೋಚಿಸಿ ಕೊಳ್ಳುತ್ತಾರೆ, ಕೆಲವರು ಕೊಳ್ಳದೆಯೂ ಹೋಗಬಹುದು. ಏಜೆನ್ಸಿಗೆ ತಿಂಗಳು ತಿಂಗಳು ಕೊಡುತ್ತಿದ್ದ ಹಣ ಉಳಿಯುತ್ತದೆ. ಅದರಲ್ಲಿ ಮೊದಲು ಆ 49 ರೂಪಾಯಿಗಳನ್ನು ತೀರಿಸಿ, ಉಳಿದದ್ದನ್ನು ಸದಸ್ಯೆಯರ ಕೂಲಿ ಕಡಿಮೆಯಾಗದಂತೆ ನೋಡಿಕೊಳ್ಳಲು ಇಡೋಣ ಎಂದು ತೀರ್ಮಾನ ಆಯಿತು. ಒಂದು ವರ್ಷ ನೋಡಿ ಲೆಕ್ಕವನ್ನು ನಿಮ್ಮ ಮುಂದೆಯೂ ಇಡುತ್ತೇವೆ.

ವೆಬ್‌ಸೈಟಿನಲ್ಲಿ ‘ಉಳಿದ ಬಾಟಲಿ’ ಎಂಬ ಜಾಗ ಒಂದು ಹಾಗೇ ಇದೆ. ಈಗ ಅಲ್ಲಿ ಬರುವ ಅಂಕಿಯನ್ನು ದಾಸ್ತಾನು ಕೋಣೆಯಲ್ಲಿ ಎಣಿಸಿ, ಪ್ರತಿದಿನ ಸಂಜೆ ನಾವೇ ಕೈಯಾರೆ ಹಾಕುತ್ತೇವೆ. ಬಹಳ ಇದ್ದರೆ ಬಹಳ ಎಂದೇ ಇರುತ್ತದೆ. ಆಗ ನೀವು ನಿಧಾನವಾಗಿ ತರಿಸಿಕೊಳ್ಳಿ, ಅವಸರ ಏನೂ ಇಲ್ಲ.

ಈ ವರ್ಷ ಮಿಡಿ ಚೆನ್ನಾಗಿ ಕಚ್ಚಿದೆ. ಅಘನಾಶಿನಿ ಬದಿಯ ಮರಗಳಲ್ಲಿ ಮುಂದಿನ ವಾರ ಕೊಯ್ಲು ಶುರು. ಉಪ್ಪಿಗೆ ಹಾಕಿ, ಮಸಾಲೆ ಬೆರೆಸಿ, ಬಾಟಲಿ ತುಂಬುವ ಹೊತ್ತಿಗೆ ಮಳೆಗಾಲ ಹತ್ತಿರ ಬಂದಿರುತ್ತದೆ. ಹೋದ ವರ್ಷ ನಮ್ಮನ್ನು ನಂಬಲಾಗದೆ ಬರಿಗೈಯಲ್ಲಿ ಮಗಳ ಮನೆಗೆ ಹೋದ ಆ ಗ್ರಾಹಕರ ಹೆಸರಿಗೆ ಮೊದಲ ಎರಡು ಬಾಟಲಿ ತೆಗೆದಿಡುತ್ತೇವೆ. ಉಳಿದದ್ದರ ಎಣಿಕೆ ಭರಣಿ ತೆರೆದ ದಿನ ಸಂಜೆ ಹಾಕುತ್ತೇವೆ.

ಇಂತಿ,
ಸಂಘದ ಎಲ್ಲ ಸದಸ್ಯೆಯರ ಪರವಾಗಿ,
ಕಾರ್ಯದರ್ಶಿ
ಶಿರಸಿ