ಪರೇಲ್‌ಗೆ ಇಂಟರ್‌ವ್ಯೂಗೆ ಬರುವ ಮಗಳಿಗೆ

ಪ್ರೀತಿಯ ಪುಟ್ಟಿ,

ಮುಂಬೈಯ ಪರೇಲ್‌ನ ಆಸ್ಪತ್ರೆಯಿಂದ ನರ್ಸ್ ಕೆಲಸದ ಇಂಟರ್‌ವ್ಯೂಗೆ ಕರೆದಿದ್ದಾರಂತೆ, ಅಪ್ಪ ಹೇಳಿದರು. ಫೋನಲ್ಲಿ ಹೇಳಹೋದರೆ "ಗೊತ್ತಮ್ಮಾ" ಅಂತ ಇಟ್ಟುಬಿಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರ. ನಿನ್ನ ರಿಜಿಸ್ಟ್ರೇಶನ್ ಇರುವುದು ಕರ್ನಾಟಕದ ಕೌನ್ಸಿಲ್‌ನಲ್ಲಿ. ಇಲ್ಲಿ ಕೆಲಸ ಮಾಡಲು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲೂ ಹೆಸರಿರಬೇಕು. ಅರ್ಜಿ ಹಾಕಿದ ರಸೀದಿ ಫೈಲಿನಲ್ಲಿ ಮೇಲೇ ಇರಲಿ. ಅವರು ಕೇಳುವ ಮುಂಚೆ ನೀನೇ ಹೇಳು.

ವಾರ್ಡ್ ಇನ್‌ಚಾರ್ಜ್ ಆದಮೇಲೆ ನರ್ಸ್‌ಗಳಿಗೆಲ್ಲ ಮೇಲಿನವರಾದ ಮೇಟ್ರನ್ ಪಕ್ಕ ಕೂತು ನಾನೂ ಪ್ರಶ್ನೆ ಕೇಳಿದ್ದೇನೆ. "ನರ್ಸಿಂಗ್ ಯಾಕೆ?" ಅಂದರೆ ಎಲ್ಲರೂ ಸೇವೆ, ಸೇವೆ ಅನ್ನುತ್ತಾರೆ. ಆ ಉತ್ತರವನ್ನು ಯಾರೂ ಕಿವಿಗೇ ಹಾಕಿಕೊಳ್ಳುವುದಿಲ್ಲ. ಕಿವಿ ನೆಟ್ಟಗಾಗುವುದು ಆಮೇಲೆ. "500 ಎಂಎಲ್ ಸಲೈನ್ 4 ಗಂಟೆಯಲ್ಲಿ ಹೋಗಬೇಕು. ಡ್ರಿಪ್ ಸೆಟ್ ಎಂಎಲ್‌ಗೆ 20 ಹನಿಯದು. ನಿಮಿಷಕ್ಕೆ ಎಷ್ಟು ಹನಿ?" 500ನ್ನು 20ರಿಂದ ಗುಣಿಸು, 4 ಗಂಟೆಯ 240 ನಿಮಿಷದಿಂದ ಭಾಗಿಸು, ಸುಮಾರು 42. ಲೆಕ್ಕವನ್ನು ಬಾಯಿಬಿಟ್ಟೇ ಹಾಕು. ನೀನು ಹೇಗೆ ಯೋಚಿಸ್ತೀಯ ಅಂತ ಅವರಿಗೆ ಕೇಳಿಸಲಿ.

ಆಸ್ಪತ್ರೆಯ ಯಾವ ಕಸ ಯಾವ ಬಣ್ಣಕ್ಕೆ ಅಂತ ಕೇಳೇ ಕೇಳ್ತಾರೆ. ಸೂಜಿ ಬಿಳಿಯ ಗಟ್ಟಿ ಡಬ್ಬಕ್ಕೆ, ಕ್ಯಾಪ್ ಮತ್ತೆ ಹಾಕದೆ. ಗ್ಲೌಸ್ ಕೆಂಪಿಗೆ, ರಕ್ತ ಮೆತ್ತಿದ ಹತ್ತಿ ಹಳದಿಗೆ, ಗಾಜಿನ ಆಂಪ್ಯೂಲ್ ನೀಲಿಗೆ. ಫಸ್ಟ್ ಕ್ಲಾಸ್ ಬಂದವರೂ ಇಲ್ಲಿ ತಡವರಿಸುತ್ತಾರೆ! ಡಮ್ಮಿ ಮೇಲೆ ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತುವುದು, ಮಾಡಿಸಿದರೆ ಮೊದಲು ಸಹಾಯಕ್ಕೆ ಕೂಗು, ಆಮೇಲೆ 30 ಸಲ ಒತ್ತಿ 2 ಉಸಿರು. ಇದೆಲ್ಲ ನಿನಗೆ ಬರುತ್ತೆ.

ನನ್ನ ಪ್ರಕಾರ ನಿಜವಾದ ಪ್ರಶ್ನೆ ಬೇರೆ. "ನೈಟ್ ಡ್ಯೂಟಿ. ಡಾಕ್ಟರ್ ಬರೆದ ಡೋಸ್ ಜಾಸ್ತಿ ಅನ್ನಿಸುತ್ತಿದೆ. ಏನು ಮಾಡ್ತೀರಿ?" "ಡಾಕ್ಟರ್ ಬರೆದಿದ್ದಾರಲ್ಲ, ಕೊಡ್ತೀನಿ" ಅಂದವಳನ್ನು ನಾನಂತೂ ತಗೊಳ್ಳುವುದಿಲ್ಲ. ಔಷಧಿ ಕೊಡದೆ ತಡೆದಿಡಬೇಕು, ಡಾಕ್ಟರಿಗೇ ಫೋನ್ ಮಾಡಿ ಕೇಳಬೇಕು. ಆಗಲೂ ಅನುಮಾನ ಹೋಗದಿದ್ದರೆ ಸೀನಿಯರ್ ಸಿಸ್ಟರ್‌ನ ಎಬ್ಬಿಸಬೇಕು, ಟೈಮ್ ಹಾಕಿ ನೋಟ್ಸ್‌ನಲ್ಲಿ ಬರೆಯಬೇಕು. ಬೈದರೆ ಬೈಯಲಿ. ಉದಾಹರಣೆ ಕೇಳಿದರೆ ಪೊಟ್ಯಾಶಿಯಂ ಕ್ಲೋರೈಡ್ ಹೇಳು. ಅದನ್ನು ಸಲೈನ್‌ನಲ್ಲಿ ಬೆರೆಸಿ ನಿಧಾನವಾಗಿ ಬಿಡಬೇಕು, ನೇರ ನರಕ್ಕೆ ಪುಶ್ ಮಾಡಿದರೆ ಹೃದಯವೇ ನಿಲ್ಲಬಹುದು. ಗೊತ್ತಿಲ್ಲದ್ದು ಕೇಳಿದರೆ "ಗೊತ್ತಿಲ್ಲ, ಕೇಳಿ ಮಾಡ್ತೀನಿ" ಅನ್ನು. ಊಹೆ ಮಾಡುವವರನ್ನು ಕಂಡರೆ ಮೇಟ್ರನ್‌ಗಳಿಗೆ ಭಯ.

ಮರಾಠಿ ಬರುತ್ತಾ ಅಂದರೆ "ಥೋಡಂ ಥೋಡಂ", ಸ್ವಲ್ಪ ಸ್ವಲ್ಪ, ಅಂದು ನಗು. ಎಲ್ಲಿ ನೋವು, ಯಾವಾಗಿನಿಂದ, ಇಷ್ಟು ಕೇಳಲು ಬಂದರೆ ಸದ್ಯಕ್ಕೆ ಸಾಕು. ಉಳಿದದ್ದನ್ನು ವಾರ್ಡಿನ ಮಾವಶಿಗಳು, ಅಂದರೆ ಆಯಾಗಳು, ಕಲಿಸುತ್ತಾರೆ. ಬೈಗುಳವನ್ನೂ!

ಡೊಂಬಿವಿಲಿಯಿಂದ ಬೆಳಗಿನ ಲೋಕಲ್ ನಿನಗೆ ಅಭ್ಯಾಸ ತಪ್ಪಿದೆ. ಬೇಗ ಹೊರಡು, ಸೀರೆ ಬೇಡ, ಚೂಡಿದಾರ್ ಸಾಕು.

"ನಿಮ್ಮದೇನಾದರೂ ಪ್ರಶ್ನೆ?" ಅಂದಾಗ ಸುಮ್ನೆ ತಲೆ ಅಲ್ಲಾಡಿಸಬೇಡ. ನೈಟ್‌ನಲ್ಲಿ ಒಬ್ಬ ಸಿಸ್ಟರ್‌ಗೆ ಎಷ್ಟು ಪೇಶಂಟ್, ತಿಂಗಳಿಗೆ ಎಷ್ಟು ನೈಟ್, ಹಾಸ್ಟೆಲ್ ದುಡ್ಡು ಸಂಬಳದಲ್ಲೇ ಹಿಡಿಯುತ್ತಾರಾ, ಇಷ್ಟು ಕಾಲ ಕೆಲಸ ಬಿಡಬಾರದು ಅನ್ನುವ ಬಾಂಡ್ ಇದೆಯಾ, ಎಲ್ಲ ಕೇಳು. ಒರಿಜಿನಲ್ ಸರ್ಟಿಫಿಕೇಟ್ ತೋರಿಸಿ ವಾಪಸ್ ತಗೋ, ಜೆರಾಕ್ಸ್ ಮಾತ್ರ ಬಿಟ್ಟು ಬಾ. ಬಾಂಡ್ ಕಾಗದ ಮುಂದಿಟ್ಟರೆ ಅಲ್ಲೇ ಸೈನ್ ಹಾಕಬೇಡ, ಮನೆಗೆ ತಂದು ಓದುತ್ತೇನೆ ಅನ್ನು. ಅಪ್ಪನಿಗೆ ಅಂಥ ಸಣ್ಣಕ್ಷರ ಓದುವುದೆಂದರೆ ಬಲು ಇಷ್ಟ.

ಇಂತಿ,
ಅಮ್ಮ