ಸ್ಪರ್ಧೆಗೆ ಕಳುಹಿಸುವ ಮುನ್ನ ಸಾಕಿದವರನ್ನು ಕೇಳಿದಿರಾ?

ಸಂಪಾದಕರಿಗೆ ವಂದನೆಗಳು.

ಸಾಕುಪ್ರಾಣಿ ಛಾಯಾಚಿತ್ರ ಸ್ಪರ್ಧೆಗಳ ಕುರಿತು ತಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಗ್ರಾಹಕರಿಗಾಗಿ ನಡೆಸಿದ ಸೆಷನ್‌ಗಳ ಚಿತ್ರಗಳನ್ನೇ ಪೋರ್ಟ್‌ಫೋಲಿಯೊ ಆಗಿ ಜೋಡಿಸಿ ಕಳುಹಿಸಿದರೆ ಹೊಸಬರೂ ಗುರುತಿಸಿಕೊಳ್ಳಬಹುದು ಎಂಬ ಸಲಹೆ ಅದರಲ್ಲಿತ್ತು. ಚಿತ್ರಗಳ ಆಯ್ಕೆ, ಅವುಗಳ ಅನುಕ್ರಮ, ಕಡತದ ಅಳತೆ ಇವುಗಳ ಬಗ್ಗೆ ಲೇಖಕರು ಹೇಳಿದ್ದೆಲ್ಲ ಸರಿಯಾಗಿಯೇ ಇದೆ. ಆದರೆ ಚಿತ್ರದಲ್ಲಿರುವ ನಾಯಿಯನ್ನೋ ಬೆಕ್ಕನ್ನೋ ಸಾಕಿದವರನ್ನು ಒಂದು ಮಾತು ಕೇಳಬೇಕೆಂಬ ಸಾಲು ಎಲ್ಲಿಯೂ ಕಾಣಲಿಲ್ಲ. ಇದೇ ಕೆಲಸದಿಂದ ಜೀವನ ನಡೆಸುತ್ತಿರುವವನು ನಾನು. ಆ ಮಾತನ್ನು ಕೇಳದೆ ತಪ್ಪು ಮಾಡಿದವನೂ ಹೌದು. ಆದ್ದರಿಂದ ಈ ಪತ್ರ.

ಕೆಲವು ವರ್ಷಗಳ ಹಿಂದೆ 14 ವರ್ಷದ ಲ್ಯಾಬ್ರಡಾರ್ ಒಂದರ ಚಿತ್ರ ತೆಗೆಯಲು ಒಬ್ಬ ಮಹಿಳೆ ನನ್ನನ್ನು ಕರೆಸಿದ್ದರು. ಮೂತ್ರಪಿಂಡಗಳು ಕೈಕೊಟ್ಟಿದ್ದವು, ಇನ್ನು ಹೆಚ್ಚು ದಿನ ಉಳಿಯುವುದಿಲ್ಲವೆಂದು ವೈದ್ಯರು ಹೇಳಿಯಾಗಿತ್ತು. ಕಪ್ಪು ನಾಯಿ. ಎದುರಿಗಿರುವುದನ್ನೆಲ್ಲ ನಡು ಬೂದುಬಣ್ಣವೆಂದೇ ಲೆಕ್ಕ ಹಾಕುವುದು ಬೆಳಕು ಅಳೆಯುವ ಕ್ಯಾಮೆರಾ ಮೀಟರಿನ ಸ್ವಭಾವವಾದ್ದರಿಂದ, ಕಪ್ಪು ಕೂದಲು ಬೂದಿ ಬಳಿದಂತೆ ಬಾರದಿರಲೆಂದು ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿ, ಅಂದರೆ ಒಳಬರುವ ಬೆಳಕನ್ನು ಅರ್ಧಕ್ಕೆ ತಗ್ಗಿಸಿಕೊಂಡು, ನೆಲಕ್ಕೆ ಎದೆಯೂರಿ ಮಲಗಿ, ಅದರ ಕಣ್ಣಿನ ಮಟ್ಟದಿಂದಲೇ ಎರಡು ಗಂಟೆ ಕಾಲ ಚಿತ್ರ ತೆಗೆದೆ. ಅವುಗಳಲ್ಲಿ ಎರಡು ಚಿತ್ರಗಳು ಮುಖ್ಯವಾದವು. ಒಂದರಲ್ಲಿ ನಾಯಿ ನಾಲಗೆ ಚಾಚಿಕೊಂಡು, ನರೆತ ಮೂತಿಯನ್ನು ಮೇಲೆತ್ತಿ, ತನ್ನ ಹೆಸರು ಕೇಳಿಸಿತೆಂಬಂತೆ ನೇರವಾಗಿ ನೋಡುತ್ತಿತ್ತು. ಇನ್ನೊಂದರಲ್ಲಿ ಅದು ಆಕೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಅರೆತೆರೆದ ಕಣ್ಣಿನಲ್ಲಿ ಮುದಿ ನಾಯಿಗಳಿಗೆ ಬರುವ ನೀಲಿ ಮಬ್ಬು, ಹುಬ್ಬುಗಳ ನಡುವೆ ಆಕೆಯ ಹೆಬ್ಬೆರಳು, ಮುಂಗಾಲಿನ ಮೇಲೆ ಡ್ರಿಪ್ ಸೂಜಿಗಾಗಿ ಕೂದಲು ಬೋಳಿಸಿದ ಚೌಕಾಕಾರದ ಜಾಗ.

ಚಿತ್ರಗಳನ್ನು ಆರಿಸಲು ಕುಳಿತಾಗ ಆಕೆ ಮೊದಲನೆಯದನ್ನು ದೊಡ್ಡದಾಗಿ ಮುದ್ರಿಸಿಕೊಡಲು ಹೇಳಿದರು. ಎರಡನೆಯದರ ಮುಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಬೇಡ” ಎಂದರು. ಮರುವರ್ಷ ನಾನು ಸ್ಪರ್ಧೆಗೆ ಕಳುಹಿಸಿದ ಪೋರ್ಟ್‌ಫೋಲಿಯೊದಲ್ಲಿ ಮೊದಲ ಚಿತ್ರವಾಗಿ ಇಟ್ಟದ್ದು ಅದನ್ನೇ. ತೀರ್ಪುಗಾರರಿಗೆ ಅದು ಹಿಡಿಸುತ್ತದೆಂದು ನನಗೆ ಗೊತ್ತಿತ್ತು, ಹಿಡಿಸಿತು ಕೂಡ. ಅಂತಿಮ ಸುತ್ತಿನ ಚಿತ್ರಗಳು ಪ್ರಕಟವಾದ ಎರಡು ದಿನಗಳಲ್ಲಿ ಆಕೆಯ ಕರೆ ಬಂತು. ಬೈಯಲಿಲ್ಲ, ಕೂಗಾಡಲೂ ಇಲ್ಲ. “ಅದು ಬೇಡ ಅಂದಿದ್ದೆನಲ್ಲ” ಎಂದಷ್ಟೇ ಹೇಳಿ ಫೋನ್ ಇಟ್ಟರು. ನಾಯಿ ಸತ್ತು ಆಗಲೇ ಏಳು ತಿಂಗಳಾಗಿತ್ತು. ಆಯೋಜಕರಿಗೆ ಪತ್ರ ಬರೆದು ನಮೂದನ್ನು ಹಿಂತೆಗೆದುಕೊಂಡೆ, ಅವರೂ ತಕರಾರು ಮಾಡಲಿಲ್ಲ. ಆದರೆ ಅಷ್ಟರಲ್ಲಿ ಅವರ ಕ್ಯಾಟಲಾಗು ಅಚ್ಚಾಗಿ ಹೋಗಿತ್ತು.

ಆಗ ನನ್ನ ಬಳಿ ಒಂದು ಸಮರ್ಥನೆ ಇತ್ತು. ಸೆಷನ್‌ಗೆ ಮೊದಲು ಆಕೆ ಸಹಿ ಹಾಕಿದ ಕರಾರಿನಲ್ಲಿ, ಚಿತ್ರಗಳನ್ನು ಛಾಯಾಗ್ರಾಹಕನು ತನ್ನ ಪ್ರಚಾರಕ್ಕೆ ಬಳಸಬಹುದೆಂಬ ಸಾಲು ಇತ್ತು. ಈ ವೃತ್ತಿಯಲ್ಲಿರುವ ಬಹುಪಾಲು ಜನರ ಕರಾರಿನಲ್ಲಿ ಅಂಥ ಸಾಲು ಇರುತ್ತದೆ, ಮತ್ತು ಬಹುಪಾಲು ಗ್ರಾಹಕರು, ಒಂದು ಕೈಯಲ್ಲಿ ನಾಯಿಯ ಹಗ್ಗ ಹಿಡಿದುಕೊಂಡು ಇನ್ನೊಂದರಲ್ಲಿ ಸಹಿ ಮಾಡುವವರು, ಅದನ್ನು ಓದಿರುವುದಿಲ್ಲ. ಓದಿದರೂ ಪ್ರಚಾರವೆಂದರೆ ನಮ್ಮ ಸ್ಟುಡಿಯೊದ ಗೋಡೆ ಅಥವಾ ಪುಟವೆಂದು ತಿಳಿಯುತ್ತಾರೆಯೇ ಹೊರತು, ತಮಗೆ ಗೊತ್ತಿಲ್ಲದ ಮೂರನೆಯ ಸಂಸ್ಥೆಯೊಂದು ಆ ಚಿತ್ರವನ್ನು ಕ್ಯಾಲೆಂಡರಿನಲ್ಲೋ ಪೋಸ್ಟರಿನಲ್ಲೋ ಅಚ್ಚು ಹಾಕಬಹುದೆಂದು ಯೋಚಿಸುವುದಿಲ್ಲ. ಸ್ಪರ್ಧೆಗಳ ನಿಯಮಾವಳಿಯಲ್ಲಿ, ಬಂದ ಚಿತ್ರಗಳನ್ನು ಯಾವುದೇ ಸಂಭಾವನೆಯಿಲ್ಲದೆ, ಕೆಲವೊಮ್ಮೆ ಕಾಲಮಿತಿಯೂ ಇಲ್ಲದೆ ಬಳಸಿಕೊಳ್ಳುವ ಹಕ್ಕು ಆಯೋಜಕರಿಗಿರುತ್ತದೆ ಎಂಬ ಷರತ್ತು ಇರುವುದು ಅಪರೂಪವಲ್ಲ. ಗ್ರಾಹಕರು ನಮಗೆ ಕೊಟ್ಟದ್ದಕ್ಕಿಂತ ದೊಡ್ಡ ಹಕ್ಕನ್ನು ನಾವು ಇನ್ನೊಬ್ಬರಿಗೆ ದಾಟಿಸಿಬಿಡುತ್ತೇವೆ.

“ಚಿತ್ರ ತೆಗೆದವನದೇ ಚಿತ್ರ” ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ, ನಾನೂ ನಂಬಿದ್ದೆ. ಕಾನೂನು ಎಲ್ಲೆಡೆ ಹಾಗೆ ಹೇಳುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರದ ಮೊದಲ ಒಡೆತನ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರಿಗೇ ಸೇರುತ್ತದೆ. ಅಂದರೆ ಕರಾರೇ ಇಲ್ಲದೆ ಬಾಯಿಮಾತಿನ ಮೇಲೆ ಸೆಷನ್ ನಡೆಸಿದ ಛಾಯಾಗ್ರಾಹಕ, ತನ್ನದಲ್ಲದ ಚಿತ್ರವನ್ನು ತನ್ನದೆಂದು ಘೋಷಿಸಿ ಸ್ಪರ್ಧೆಗೆ ಕಳುಹಿಸಿದಂತಾಗಬಹುದು. ಅಮೆರಿಕದಲ್ಲಿ ಸ್ವತಂತ್ರವಾಗಿ ದುಡಿಯುವ ಛಾಯಾಗ್ರಾಹಕನೇ ಸಾಮಾನ್ಯವಾಗಿ ಒಡೆಯ. ಬ್ರಿಟನ್ನಿನಲ್ಲಿ 1988ರ ಕಾಯ್ದೆ ಒಡೆತನವನ್ನು ಛಾಯಾಗ್ರಾಹಕನಿಗೆ ಕೊಟ್ಟಿತು, ಆದರೆ ಖಾಸಗಿ ಮತ್ತು ಗೃಹಬಳಕೆಗಾಗಿ ತೆಗೆಸಿದ ಚಿತ್ರಗಳನ್ನು ಸಾರ್ವಜನಿಕವಾಗಿ ಪ್ರದರ್ಶಿಸದಂತೆ ತಡೆಯುವ ಹಕ್ಕನ್ನು ತೆಗೆಸಿದವರಿಗೇ ಉಳಿಸಿತು. ಈ ಮೂರರಲ್ಲಿ ಬ್ರಿಟನ್ನಿನದು ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ಕೈಚಳಕ ನನ್ನದು, ಒಪ್ಪುತ್ತೇನೆ. ಆದರೆ ಆ ಹೆಬ್ಬೆರಳು ಆಕೆಯದು.

ಆಯೋಜಕರಿಗೆ ಇದನ್ನು ಪರಿಶೀಲಿಸಲು ಸಾಧ್ಯವಿಲ್ಲವೆಂಬ ವಾದವನ್ನು ನಾನು ಒಪ್ಪಲಾರೆ. ಚಿತ್ರ ಅಸಲಿಯೇ ಎಂಬ ವಿಷಯದಲ್ಲಿ ಅವರು ಸಾಕಷ್ಟು ಕಟ್ಟುನಿಟ್ಟಾಗಿರಬಲ್ಲರು. ಅಂತಿಮ ಸುತ್ತಿಗೆ ಬಂದವರಿಂದ ರಾ ಕಡತ, ಅಂದರೆ ಕ್ಯಾಮೆರಾದಿಂದ ಬಂದ ತಿದ್ದದ ಮೂಲ ಕಡತ, ತರಿಸಿ ನೋಡುವ ಪದ್ಧತಿ ದೊಡ್ಡ ಸ್ಪರ್ಧೆಗಳಲ್ಲಿದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ, ಗೇಟು ಹಾರುವ ತೋಳದ ಚಿತ್ರಕ್ಕೆ 2009ರಲ್ಲಿ ಕೊಟ್ಟಿದ್ದ ಪ್ರಶಸ್ತಿಯನ್ನು 2010ರಲ್ಲಿ ಹಿಂಪಡೆಯಲಾಯಿತು; ಛಾಯಾಗ್ರಾಹಕರು ನಿರಾಕರಿಸಿದರೂ, ಅದು ಪಳಗಿಸಿದ ತೋಳವಾಗಿರುವ ಸಾಧ್ಯತೆಯೇ ಹೆಚ್ಚೆಂದು ತೀರ್ಪುಗಾರರು ತೀರ್ಮಾನಿಸಿದ್ದರು. ತೋಳ ಸಾಕಿದ್ದೋ ಕಾಡಿನದೋ ಎಂದು ಅಷ್ಟು ಕೆದಕಿ ನೋಡಲು ಬರುತ್ತದೆಂದಾದರೆ, ಸಾಕಿದವರೇ ಇರುವ ನಾಯಿಯ ವಿಷಯದಲ್ಲಿ ಅವರ ಒಪ್ಪಿಗೆ ಪತ್ರವೊಂದನ್ನು ಅರ್ಜಿಯ ಜೊತೆಗೆ ಕೇಳುವುದು ಕಷ್ಟವೇನಲ್ಲ.

ಆ ಒಪ್ಪಿಗೆ ಹೇಗಿರಬೇಕೆಂಬುದೂ ಮುಖ್ಯ. ಸೆಷನ್ನಿನ ದಿನ ಸಾರಾಸಗಟಾಗಿ ಪಡೆದದ್ದು ಸಾಲದು. ಯಾವ ಚಿತ್ರ, ಯಾವ ಸ್ಪರ್ಧೆ, ಗೆದ್ದರೆ ಅದು ಎಲ್ಲೆಲ್ಲಿ ಅಚ್ಚಾಗಬಹುದು ಎಂಬುದನ್ನು ತಿಳಿಸಿ, ಚಿತ್ರವನ್ನೇ ಮುಂದಿಟ್ಟು, ಕಳುಹಿಸುವ ಮುನ್ನ ಕೇಳಬೇಕು. ಪ್ರಾಣಿ ತೀರಿಕೊಂಡಿದ್ದರೆ ಮತ್ತೊಮ್ಮೆ ಕೇಳಬೇಕು, ಏಕೆಂದರೆ ಬದುಕಿದ್ದಾಗ ನಗು ತರಿಸಿದ ಚಿತ್ರ ಆಮೇಲೆ ಅದೇ ಚಿತ್ರವಾಗಿ ಉಳಿದಿರುವುದಿಲ್ಲ. ಇನ್ನೊಂದು ಸಣ್ಣ ವಿಷಯ: ಕೊರಳಪಟ್ಟಿಯ ಬಿಲ್ಲೆಯಲ್ಲಿ ಸಾಮಾನ್ಯವಾಗಿ ಮನೆಯವರ ದೂರವಾಣಿ ಸಂಖ್ಯೆ ಕೆತ್ತಿರುತ್ತದೆ, ಮತ್ತು ಈಗಿನ 45 ಮೆಗಾಪಿಕ್ಸೆಲ್ ಕಡತವನ್ನು ಹಿಗ್ಗಿಸಿದರೆ ಅದನ್ನು ಸಲೀಸಾಗಿ ಓದಬಹುದು. ಕಡತದೊಳಗೆ ಚಿತ್ರ ತೆಗೆದ ಜಾಗವನ್ನು ತಿಳಿಸುವ ಜಿಪಿಎಸ್ ಗುರುತೂ ಸೇರಿಕೊಂಡಿದ್ದರೆ ಆ ಮನೆಗೆ ದಾರಿಯನ್ನೇ ಬರೆದುಕೊಟ್ಟಂತೆ. ಚಿತ್ರದಲ್ಲಿ ಕಾಣುವ ನಾಯಿಯ ಹಗ್ಗ ಅಳಿಸುವುದಕ್ಕೆ ಗಂಟೆಗಟ್ಟಲೆ ಕೂರುವ ನಾವು ಆ ಬಿಲ್ಲೆಯ ಕಡೆ ನೋಡುವುದೇ ಇಲ್ಲ.

ಹೀಗೆ ಕೇಳುತ್ತ ಹೋದರೆ ಒಳ್ಳೆಯ ಚಿತ್ರಗಳು ಕೈತಪ್ಪುತ್ತವೆ ಎಂದು ವೃತ್ತಿಬಾಂಧವರು ಹೇಳುತ್ತಾರೆ. ಕೆಲವು ತಪ್ಪುತ್ತವೆ, ನಿಜ. ಆ ಘಟನೆಯ ಬಳಿಕ ನಾನು ಕೇಳಿದವರಲ್ಲಿ ಹೆಚ್ಚಿನವರು ಸಂತೋಷದಿಂದಲೇ ಒಪ್ಪಿದ್ದಾರೆ. ಒಬ್ಬರಂತೂ ತಮ್ಮ ಬೆಕ್ಕಿಗೆ ಬಹುಮಾನ ಬಂತೇ ಎಂದು ವಾರಕ್ಕೊಮ್ಮೆ ವಿಚಾರಿಸುತ್ತಿದ್ದರು. ಬೇಡವೆಂದವರು ಮೂವರು. ಒಂದು ಸಲ ಎಂಟು ಚಿತ್ರಗಳ ಸಾಲಿನಲ್ಲಿ ಹಾಗೆ ಒಂದು ಜಾಗ ಖಾಲಿ ಉಳಿದಾಗ ನಮ್ಮ ಮನೆಯ ಬೆಕ್ಕಿನ ಚಿತ್ರವನ್ನೇ ಹಾಕಿದೆ. ಅದರ ಒಪ್ಪಿಗೆಯನ್ನು ಮಾತ್ರ ಪಡೆಯಲಾಗಲಿಲ್ಲ. ಸಾಲು ತುಸು ಸಪ್ಪೆಯಾಯಿತು, ಬಹುಮಾನ ಬರಲಿಲ್ಲ.

ತಮ್ಮ ಪತ್ರಿಕೆ ಇನ್ನು ಮುಂದೆ ಇಂಥ ಸ್ಪರ್ಧೆಗಳ ಪ್ರಕಟಣೆ ಹಾಕುವಾಗ ಕೊನೆಯ ದಿನಾಂಕದ ಜೊತೆಗೆ, ಚಿತ್ರಗಳ ಮೇಲೆ ಆಯೋಜಕರು ಯಾವ ಹಕ್ಕು ಪಡೆಯುತ್ತಾರೆ, ಸಾಕಿದವರ ಒಪ್ಪಿಗೆ ಬೇಡುತ್ತಾರೆಯೇ ಎಂಬ ಎರಡು ಸಾಲುಗಳನ್ನೂ ಸೇರಿಸಬೇಕೆಂದು ಕೋರುತ್ತೇನೆ. ಅಂದ ಹಾಗೆ, ಆ ಎರಡನೆಯ ಚಿತ್ರದ ಮೂಲ ಕಡತವನ್ನು ಪೆನ್ ಡ್ರೈವಿನಲ್ಲಿ ಹಾಕಿ ಆಕೆಗೆ ಕೊಟ್ಟು ಬಂದಿದ್ದೇನೆ. ನನ್ನ ಬಳಿ ಅದರ ಪ್ರತಿ ಇಲ್ಲ. ಆಕೆ ಅದನ್ನು ತೆರೆದು ನೋಡಿದರೋ ಇಲ್ಲವೋ, ನಾನು ಕೇಳಿಲ್ಲ.

ಇತಿ,
ಒಬ್ಬ ಸಾಕುಪ್ರಾಣಿ ಛಾಯಾಗ್ರಾಹಕ